ಬಿಳಿಹುಡೇವಿನ ಮದೀನಾಬೀ ಕೇಳುತ್ತಿದ್ದದ್ದು

ಪಂಚಾಯಿತಿ ಆಫೀಸಿನಿಂದ ಒಂದು ಕಾಗದ ಬಂದಿದೆ. ನಮ್ಮೂರು ಬಿಳಿಹುಡೇವಿನ ಇತಿಹಾಸ, ನೋಡತಕ್ಕ ಸ್ಥಳಗಳು, ವಿಶೇಷ ವ್ಯಕ್ತಿಗಳು, ಮೂರನ್ನೂ ಒಂದೇ ಹಾಳೆಯಲ್ಲಿ ಮುಗಿಸಿ ಕೊಡಬೇಕಂತೆ. ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿದ ತಪ್ಪಿಗೆ ಇಂಥ ಉಸಾಬರಿಯೆಲ್ಲ ನನ್ನ ಕೊರಳಿಗೇ ಬೀಳುತ್ತದೆ. ಸ್ಥಳಗಳದ್ದೇನು, ಬರೆದರಾಯಿತು. ಕೆಂಭಾವಿಯಿಂದ ಹುಣಸಗಿಗೆ ಹೋಗುವ ದಾರಿ ಬಿಟ್ಟು ಒಂದು ಹರದಾರಿ ಒಳಗೆ ನಡೆದರೆ ಮೊದಲು ಕಾಣುವುದು ಹುಡೇವು. ದಂಡು ಬರುವುದನ್ನು ದೂರದಿಂದಲೇ ನೋಡಲೆಂದು ಹಿಂದಿನವರು ಕಟ್ಟಿದ ದುಂಡನೆಯ ಬುರುಜು. ಸುಣ್ಣ ಬಳಿದಿದ್ದರಂತೆ. ಈಗ ಬಿಳಿ ಉಳಿದಿರುವುದು ಊರಿನ ಹೆಸರಿನಲ್ಲಿ ಮಾತ್ರ. ಆಮೇಲೆ ಅಗಸಿ, ಅಂದರೆ ಊರ ಹೆಬ್ಬಾಗಿಲು. ಅಗಸಿಯ ಹೊರಗೆ ಬೇವಿನ ಗಿಡದ ಬುಡದಲ್ಲಿ ಮರಗಮ್ಮನ ಕಲ್ಲು. ಒಳಗೆ ಗೌಡರ ವಾಡೆ, ವಾಡೆಯ ಅಂಗಳದ ಅಡಿಯಲ್ಲಿ ಜೋಳ ತುಂಬಿಡುತ್ತಿದ್ದ ಹಗೇವುಗಳು. ಒಂದೊಂದೂ ಎರಡಾಳು ಆಳದ ನೆಲಗುಂಡಿ. ಮುಗಿಯಿತು ನಮ್ಮೂರು.

ವಿಶೇಷ ವ್ಯಕ್ತಿಯ ಜಾಗದಲ್ಲಿ ಭಗವಂತರಾಯ ಗೌಡರ ಹೆಸರು ಬರಲಿ ಎಂದು ಅವರ ಮನೆಯವರು ಫೋಟೋ ಸಮೇತ ಕಾಯುತ್ತಿದ್ದಾರೆ. ಕಾಯಲಿ. ನಾನು ಬರೆಯುವುದು ಮದೀನಾಬೀಯ ಬಗ್ಗೆ. ಒಂದು ಹಾಳೆಯಲ್ಲಿ ಹಿಡಿಸದಿದ್ದರೆ ಅದು ಅವರ ಹಣೆಬರಹ.

ಮದೀನಾಬೀ ನಮ್ಮೂರ ಮುಲ್ಲಾ ಲಾಡ್ಲೇಸಾಬನ ಹೆಂಡತಿ. ಈಗಿನವರಿಗೆ ಮುಲ್ಲಾ ಎಂದರೆ ಮಸೀದಿಯಷ್ಟೇ ನೆನಪಾಗುತ್ತದೆ. ಆಗ ಹಾಗಿರಲಿಲ್ಲ. ದೇವರ ಕುರಿಯಿರಲಿ, ಬೀಗರಿಗೆಂದು ತಂದ ಕುರಿಯಿರಲಿ, ಮುಲ್ಲಾ ಬಂದು ಬಿಸ್ಮಿಲ್ಲಾ ಎಂದು ಕತ್ತಿ ಹಾಕದೆ ಊರಲ್ಲಿ ಯಾರೂ ಆ ಮಾಂಸ ಮುಟ್ಟುತ್ತಿರಲಿಲ್ಲ. ಕುರುಬರಾದ ನಾವೂ ಅಷ್ಟೇ, ಬೇಡರೂ ಅಷ್ಟೇ. ಮಾಂಸ ತಿನ್ನದ ಲಿಂಗಾಯತರು ಕೂಡ ಊರ ಹೆಸರಿನಲ್ಲಿ ಕೊಯ್ಯುವ ಕುರಿಯಾದರೆ ಮುಲ್ಲಾ ಬಂದನೋ ಇಲ್ಲವೋ ಎಂದು ದೂರದಿಂದಲೇ ವಿಚಾರಿಸಿಕೊಳ್ಳುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದವರಿಲ್ಲ, ಹೇಳಿದವರೂ ಇಲ್ಲ. ಕುರಿಯ ಕೊರಳು ಮುಲ್ಲಾನ ಪಾಲು, ಅಷ್ಟು ಎಲ್ಲರಿಗೂ ಗೊತ್ತಿತ್ತು.

ಗಂಡಹೆಂಡಿರಿಗೆ ಮಕ್ಕಳಿರಲಿಲ್ಲ. ಲಾಡ್ಲೇಸಾಬ ಮೆತ್ತಗಿನ ಮನುಷ್ಯ, ಮದೀನಾಬೀ ಬಾಯಿ ಜೋರು. ಬಾವಿಕಟ್ಟೆಯ ಮೇಲೆ ಅವಳ ಕೊಡಕ್ಕೆ ಯಾರದಾದರೂ ಕೊಡ ತಾಗಿದರೆ ಅವತ್ತಿನ ನೀರು ಸೇದುವ ಕೆಲಸ ಅಲ್ಲಿಗೇ ನಿಂತಂತೆ. ಹಾಗೆ ಜಗಳವಾಡಿದವಳ ಮನೆಗೇ ಸಂಜೆ ಹೋಗಿ ಕೂತು ಹರಟೆ ಹೊಡೆದು ಬರುವವಳೂ ಅವಳೇ. ಇದನ್ನೆಲ್ಲ ನನಗೆ ಹೇಳಿದವಳು ನನ್ನ ಅವ್ವ ಗೊಲ್ಲಾಳಮ್ಮ. ನನಗೆ ಬುದ್ಧಿ ಬರುವ ಹೊತ್ತಿಗೆ ಮದೀನಾಬೀ ಎರಡು ಮಾತಿನ ಮೇಲೆ ಮೂರನೆಯದು ಆಡದ ಮುದುಕಿಯಾಗಿದ್ದಳು.

ನಲವತ್ತೆಂಟನೆಯ ಇಸವಿ, ಯುಗಾದಿ ಆಗಷ್ಟೇ ಮುಗಿದಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ನಾವಿದ್ದ ನಿಜಾಮರ ರಾಜ್ಯ ಇನ್ನೂ ಭಾರತಕ್ಕೆ ಸೇರಿರಲಿಲ್ಲ. ನಿಜಾಮರ ಪರವೆಂದು ಹೇಳಿಕೊಂಡು ತಿರುಗುವ ರಜಾಕಾರರ ದಂಡು ಪಕ್ಕದ ಊರಿಗೆ ಬಂದು ಹಗೇವು ತೆರೆಸಿ ಜೋಳ ಹೊತ್ತುಕೊಂಡು ಹೋಯಿತು, ಎರಡು ಮನೆಗೆ ಬೆಂಕಿ ಇಟ್ಟಿತು. ನಮ್ಮೂರವರು ಒಂದು ದಿನವೆಲ್ಲ ಕೂತು ಮಾತಾಡಿ, ಡೋಣಿ ಹೊಳೆ ದಾಟಿ ತಾಳಿಕೋಟಿ ಕಡೆ ಹೋಗಿಬಿಡುವುದೆಂದು ನಿಶ್ಚಯಿಸಿದರು. ಅದು ಮುಂಬಯಿ ಪ್ರಾಂತ್ಯದ ಸೀಮೆ, ಅಲ್ಲಿ ರಜಾಕಾರರು ಬರುವಂತಿರಲಿಲ್ಲ. ಊರಲ್ಲಿದ್ದ ಮೂರು ಮುಸಲ್ಮಾನರ ಮನೆಗಳವರು ಮಾತ್ರ ಹೋಗುವ ಅಗತ್ಯವಿರಲಿಲ್ಲ.

ಭಗವಂತರಾಯ ಗೌಡರು ವಾಡೆಗೆ ಕೀಲಿ ಹಾಕಿ ಕೀಲಿಕೈ ತಂದು ಲಾಡ್ಲೇಸಾಬನ ಕೈಗಿಟ್ಟರು. "ಮುಲ್ಲಾ, ಊರು ನಿನ್ನ ಕೈಯಾಗ ಅದ ನೋಡಪಾ."

"ಹೋಗಿ ಬರ್ರಿ ಗೌಡ್ರ," ಎಂದ ಅವನು. "ನಾ ಎಲ್ಲಿ ಹೋಗ್ತೀನ್ರಿ."

ಗೌಡರೇ ಕೊಟ್ಟ ಮೇಲೆ ಉಳಿದವರೂ ಕೊಟ್ಟರು. ನಲವತ್ತೆರಡು ಮನೆಯ ಕೀಲಿಕೈಗಳನ್ನು ಒಂದು ಸೆಣಬಿನ ಹಗ್ಗಕ್ಕೆ ಪೋಣಿಸಿ ಲಾಡ್ಲೇಸಾಬ ತನ್ನ ಮನೆಯ ಕಂಬಕ್ಕೆ ತೂಗುಹಾಕಿದ. ಮಾರನೆಯ ದಿನದಿಂದ ಮದೀನಾಬೀ ನಲವತ್ತೆರಡು ಮನೆಯ ಮುಂದೂ ಕಸ ಹೊಡೆದು ನೀರಿನ ಥಳಿ ಹಾಕತೊಡಗಿದಳು. ಅಂಗಳ ಹಸಿಯಾಗಿ ಕಂಡರೆ ಒಳಗೆ ಜನ ಇದ್ದಾರೆಂದು ಕಳ್ಳಕಾಕರು ಮುಂದೆ ಹೋಗುತ್ತಾರೆ ಎಂಬುದು ಅವಳ ಲೆಕ್ಕಾಚಾರ. ಊರಿನ ಎಲ್ಲ ಅತ್ತೆಯರಿಗೂ ನೀನೊಬ್ಬಳೇ ಸೊಸೆಯಾದೆ ಎಂದು ಗಂಡ ನಗುತ್ತಿದ್ದನಂತೆ.

ಇನ್ನು ನಮ್ಮಪ್ಪನ ವಿಷಯ. ಅವನ ಹೆಸರು ಬಾಲಪ್ಪ. ಆಗ ಇಪ್ಪತ್ತೈದರ ಗಂಡು, ಕುರಿ ಎಷ್ಟು ಮೇಯಿಸುತ್ತಿದ್ದನೋ ಅಷ್ಟೇ ಮಾತನ್ನೂ ಮೇಯಿಸುತ್ತಿದ್ದವನು. ಹೊಳೆಯಾಚೆಯ ಬಿಡಾರದಲ್ಲಿ ನಾಲ್ಕು ಊರಿನ ಜನ ಸೇರಿ ಬಿಟ್ಟು ಬಂದ ಮನೆಯ ಚಿಂತೆ ಮಾಡುವಾಗ ಇವನು ಎದೆ ಉಬ್ಬಿಸಿ ಹೇಳುತ್ತಿದ್ದ: "ನಮ್ಮೂರಿಗೆ ಯಾ ಚಿಂತಿನೂ ಇಲ್ಲ. ನಲವತ್ತೆರಡು ಮನಿ ಕೀಲಿಕೈ ನಮ್ಮ ಮುಲ್ಲಾನ ಕಂಬಕ್ಕ ತೂಗಾಕತ್ತಾವ." ಮುಲ್ಲಾನ ಮೇಲಿನ ಅಭಿಮಾನದಿಂದಲೇ ಹೇಳಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಕೇಳುತ್ತಾ ಕೂತವರೆಲ್ಲ ಒಳ್ಳೆಯವರಾಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು. ನಾಲ್ಕೈದು ದಿನದಲ್ಲಿ ಎಲ್ಲ ಮುಗಿದು ನಿಜಾಮರ ರಾಜ್ಯ ಭಾರತಕ್ಕೆ ಸೇರಿತು. ನಮ್ಮ ಪುಸ್ತಕಗಳಲ್ಲಿ ಇದು ಇಲ್ಲಿಗೇ ನಿಲ್ಲುತ್ತದೆ. ನಾನೂ ಶಾಲೆಯಲ್ಲಿ ಇಷ್ಟನ್ನೇ ಹೇಳಿ ಪಾಠ ಮುಗಿಸುತ್ತಿದ್ದೆ, ಅದಕ್ಕೆ ಈಗ ನಾಚಿಕೆಯಾಗುತ್ತದೆ. ಆಮೇಲಿನ ಕೆಲವು ವಾರ ರಜಾಕಾರರ ಹೆಸರು ಹೇಳಿಕೊಂಡು ಯಾವ ಪಾಪವನ್ನೂ ಮಾಡದ ಮುಸಲ್ಮಾನರ ಮನೆಗಳಿಗೆ ನುಗ್ಗುವ ಗುಂಪುಗಳು ಸುತ್ತಾಡಿದವು. ನಮ್ಮೂರಿನ ಎರಡು ಮನೆಯವರು ಗುಲಬರ್ಗಾ ಕಡೆ ಓಡಿದರು. ಲಾಡ್ಲೇಸಾಬ ಹೋಗಲಿಲ್ಲ. ಕೀಲಿಕೈ ಯಾರಿಗೆ ಕೊಟ್ಟು ಹೋಗಲಿ ಎಂದನಂತೆ.

ಗುಂಪು ಬಂದದ್ದು ಒಂದು ಬೆಳಿಗ್ಗೆ. ನೇರವಾಗಿ ಕೀಲಿಕೈ ಕೇಳಿಕೊಂಡೇ ಬಂತು. ಹುಡೇವಿನ ಮೇಲಿಂದ ಅವರು ಬರುವುದನ್ನು ನೋಡಿದ ಲಾಡ್ಲೇಸಾಬ ಹೆಂಡತಿಯನ್ನು ವಾಡೆಯ ಬರಿದಾದ ಹಗೇವಿನಲ್ಲಿ ಇಳಿಸಿ, ಮೇಲೆ ಕಲ್ಲು ಅರ್ಧ ಎಳೆದು, ಹುಲ್ಲು ಹರಡಿ ಹೋದ. ಕೀಲಿಕೈಗಳ ಗೊಂಚಲನ್ನು ಬಾವಿಗೆ ಎಸೆದ. ಗುಂಪಿನವರು ಐದಾರು ಮನೆಯ ಕೀಲಿ ಒಡೆದರು, ಸಿಕ್ಕಿದ್ದನ್ನು ಹೊತ್ತರು, ಮುಲ್ಲಾನನ್ನು ಎಳೆದುಕೊಂಡು ಹೋದರು. ಎರಡು ದಿನದ ಮೇಲೆ ಮದೀನಾಬೀ ಹಗೇವಿನ ಗೋಡೆಯ ಗೂಡುಗಳಿಗೆ ಕಾಲು ಕೊಟ್ಟು ಹತ್ತಿ ಬಂದಾಗ ಊರಲ್ಲಿ ಒಂದು ನಾಯಿ ಕೂಡ ಇರಲಿಲ್ಲ.

ಅದಾದ ಮೂರನೆಯ ದಿನ, ನೆಲ ಬಿತ್ತಲು ಹದವಾಗಿದೆಯೋ ನೋಡಿ ಬಾ ಎಂದು ಬಿಡಾರದವರು ನಮ್ಮಪ್ಪನನ್ನು ಕಳಿಸಿದರು. ಅವನು ಮೊದಲು ಹೋದದ್ದು ಊರಿಗೆ ದೂರವಿದ್ದ ನಮ್ಮ ಹೊಲಕ್ಕೆ. ಹೊಲದ ಬದುವಿನಲ್ಲಿ, ಬನ್ನಿ ಗಿಡದ ಹತ್ತಿರ, ಲಾಡ್ಲೇಸಾಬ ಸತ್ತು ಬಿದ್ದಿದ್ದ. ಕೀಲಿಕೈಯ ಸುದ್ದಿ ಯಾರ ಬಾಯಿಂದ ಹೋಯಿತೆಂದು ನಮ್ಮಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಲ್ಲೇ ತಗ್ಗು ತೋಡಿ ಮಣ್ಣು ಮಾಡಿದ. ಆಮೇಲೆ ಮದೀನಾಬೀ ಏನಾದಳೋ ನೋಡೋಣವೆಂದು ಅಗಸಿಯವರೆಗೂ ಹೋದ. ಒಳಗೆ ಕಸಬರಿಗೆಯ ಸಪ್ಪಳ ಕೇಳಿತು. ಯಾರೂ ಇಲ್ಲದ ಊರಲ್ಲಿ ಅವಳು ಒಂದೊಂದೇ ಮನೆಯ ಮುಂದೆ ಕಸ ಹೊಡೆಯುತ್ತಿದ್ದಳು. ನಮ್ಮಪ್ಪ ಒಳಗೆ ಕಾಲಿಡಲಿಲ್ಲ, ತಿರುಗಿ ಹೊಳೆಯ ದಾರಿ ಹಿಡಿದ.

ಸುಮಾರು ಮೂರು ವಾರ ಮದೀನಾಬೀ ಒಬ್ಬಳೇ ಇದ್ದಳು. ಆ ದಿನಗಳ ಬಗ್ಗೆ ಅವಳು ಆಮೇಲೆ ಒಂದೇ ಒಂದು ಸಲ ನಮ್ಮವ್ವನ ಹತ್ತಿರ ಮಾತಾಡಿದ್ದಳು. ಮೊದಲು ಗಂಡನ ಹೆಸರು ಕೂಗುತ್ತಾ ಹೊಲಗಳ ಕಡೆ ಹೋಗುತ್ತಿದ್ದಳಂತೆ. ಆಮೇಲೆ ತನ್ನ ದನಿಗೆ ತಾನೇ ಹೆದರಿ ಕೂಗುವುದು ಬಿಟ್ಟಳಂತೆ. ಬಾವಿಕಟ್ಟೆಗೆ ಹೋದಾಗ ಗುರುಲಿಂಗಮ್ಮನ ಜೊತೆ ಹಿಂದೆ ಎಂದೋ ಅರ್ಧಕ್ಕೆ ನಿಂತ ಜಗಳ ನೆನಪಾಗಿ, ಅವಳ ಮಾತನ್ನೂ ತಾನೇ ಆಡಿ, ತನ್ನ ಮಾತನ್ನೂ ತಾನೇ ಆಡಿ, ಜಗಳ ಮುಗಿಸಿ ಬರುತ್ತಿದ್ದಳಂತೆ. ಇದನ್ನು ಹೇಳುವಾಗ ನಮ್ಮವ್ವನಿಗೆ ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು.

ಅಕ್ಟೋಬರಿನಲ್ಲಿ, ಶೀಗಿ ಹುಣ್ಣಿಮೆಗೆ ನಾಲ್ಕು ದಿನ ಮುಂಚೆ ಊರವರು ತಿರುಗಿ ಬಂದರು. ಊರು ಬರಿದಾಗಿ ಒಲೆಗಳು ಆರಿದ ಮೇಲೆ ಹಾಗೇ ಒಳಗೆ ಹೋಗುವಂತಿಲ್ಲ. ಅಗಸಿಯ ಹೊರಗೆ ಮರಗಮ್ಮನ ಕಲ್ಲಿಗೆ ಟಗರು ಕೊಯ್ದು, ಆಮೇಲೆ ಹೊಸ್ತಿಲು ದಾಟಿ ಒಲೆ ಹಚ್ಚಬೇಕು. ಬಂಡಿಗಳೆಲ್ಲ ಬೇವಿನ ಗಿಡದ ಸುತ್ತ ನಿಂತವು. ನಮ್ಮಪ್ಪ ಟಗರಿನ ಹಗ್ಗ ಹಿಡಿದು ನಿಂತ. ಹಸಿದ ಕೂಸುಗಳು ಅಳುತ್ತಿದ್ದವು. ಅರಿಸಿಣ ಕುಂಕುಮ ಆಯಿತು, ನೀರು ಚಿಮುಕಿಸಿದ್ದಾಯಿತು. ಭಗವಂತರಾಯ ಗೌಡರು ರೂಢಿಯ ಬಲದಿಂದ ಎಂದಿನಂತೆ ಹೇಳಿದರು: "ಮುಲ್ಲಾನ್ನ ಕರೀರಿ."

ಯಾರೂ ಕದಲಲಿಲ್ಲ. ಹಾದಿಯಲ್ಲಿ ಬರುತ್ತಾ ಏನೇನೋ ಸುದ್ದಿ ಎಲ್ಲರ ಕಿವಿಗೂ ಬಿದ್ದಿತ್ತು. ಆದರೂ ಆ ಕ್ಷಣದವರೆಗೆ ಅದು ತಮ್ಮ ಊರಿನ ಸುದ್ದಿ ಎಂದು ಯಾರಿಗೂ ಹೊಳೆದಿರಲಿಲ್ಲವೆಂದು ಕಾಣುತ್ತದೆ.

ಮದೀನಾಬೀ ಅಗಸಿಯಿಂದ ಹೊರಗೆ ಬಂದಳು. "ಮುಲ್ಲಾ ಇಲ್ರಿ ಗೌಡ್ರ. ನಿಮಗ್ಯಾರಿಗರ ಗೊತ್ತದ ಏನ್ರಿ, ಎಲ್ಲಿ ಅದಾನ?"

ಗೌಡರು ಟಗರಿನ ಕಡೆ ತಿರುಗಿದರು. "ಗುಲಬರ್ಗಾದ ಕಡಿ ಹೋಗಿರಬೇಕವಾ. ಬರ್ತಾನ ಬಿಡು."

"ಬರ್ತಾನ, ಬರ್ತಾನ," ಎಂದರು ಜನ. ಹಗ್ಗ ಹಿಡಿದ ನಮ್ಮಪ್ಪನೂ ಅಂದ.

ಅವಳು ಸ್ವಲ್ಪ ಹೊತ್ತು ಎಲ್ಲರ ಮುಖ ನೋಡಿದಳು. ಅಳುವ ಕೂಸುಗಳ ಕಡೆ ನೋಡಿದಳು. ಒಳಗೆ ಹೋಗಿ ಗಂಡನ ಕತ್ತಿ ತಂದಳು. ಹೆಂಗಸು ಕುರಿ ಕೊಯ್ದರೆ ನಡೆಯುತ್ತದೆಯೇ ಎಂದು ಯಾರೋ ಗೊಣಗಿದರೆ, ನಡೆಯದಿದ್ದರೆ ಇಲ್ಲೇ ಹೊರಗೇ ಕೂಡಿ ಎಂದಳು. ಆಮೇಲೆ ಬಿಸ್ಮಿಲ್ಲಾ ಎಂದು ಕತ್ತಿ ಹಾಕಿದಳು. ಊರು ಒಳಗೆ ಹೋಯಿತು. ಕೀಲಿಕೈ ಇಲ್ಲದ್ದರಿಂದ ಅವರವರ ಮನೆಯ ಕೀಲಿಯನ್ನು ಅವರವರೇ ಒಡೆದುಕೊಂಡರು. ಆಮೇಲೆ ಕೆಂಭಾವಿಯ ಮೌಲ್ವಿಗಳನ್ನು ಕೇಳಿದಾಗ ಹೆಂಗಸೂ ಕೊಯ್ಯಬಹುದು, ಅದರಲ್ಲೇನೂ ತಪ್ಪಿಲ್ಲ ಎಂದರಂತೆ. ಹೀಗೆ ನಮ್ಮೂರಿಗೆ ಮದೀನಾಬೀ ಮುಲ್ಲಾ ಆದಳು.

ಅವಳಿಗೆ ಬೇಕಾಗಿದ್ದುದು ಒಂದೇ. ಗಂಡ ಎಲ್ಲಿದ್ದಾನೆ ಎಂಬುದು ತಿಳಿಯಬೇಕಾಗಿತ್ತು. ಸತ್ತಿದ್ದರೆ ನಲವತ್ತನೆಯ ದಿನ ಗೋರಿಯ ಹತ್ತಿರ ನಿಂತು ಫಾತೇಹಾ ಓದಬೇಕು, ಕೈಬಳೆ ತೆಗೆಯಬೇಕು. ಬದುಕಿದ್ದರೆ ಅವನ ಪಾಲಿನ ರೊಟ್ಟಿ ತೆಗೆದಿಡಬೇಕು. ನಲವತ್ತನೆಯ ದಿನ ಬಂದು ಹೋಯಿತು. ಅವಳು ಓದಲೂ ಇಲ್ಲ, ಬಳೆ ತೆಗೆಯಲೂ ಇಲ್ಲ. ಗುಲಬರ್ಗಾದಿಂದ ಮೈದುನ ಬಂದು ಕರೆದಾಗ, ಮುಲ್ಲಾ ತಿರುಗಿ ಬಂದರೆ ಕೀಲಿ ಹಾಕಿದ ಬಾಗಿಲು ನೋಡಬೇಕೇನು ಎಂದು ಕೇಳಿ ಕಳಿಸಿಬಿಟ್ಟಳು.

ಅಂದಿನಿಂದ ಯಾರ ಮನೆಗೆ ಕುರಿ ಕೊಯ್ಯಲು ಹೋದರೂ ಕತ್ತಿ ಹಾಕುವ ಮೊದಲು ಅವಳು ಒಮ್ಮೆ ತಲೆ ಎತ್ತಿ ಕೇಳುತ್ತಿದ್ದಳು: "ಎಲ್ಲಿ ಅದಾನ?" ನಿಂತವರು ನೆಲ ನೋಡುತ್ತಿದ್ದರು. ಒಂದೆರಡು ಉಸಿರಿನಷ್ಟು ಕಾದು ಬಿಸ್ಮಿಲ್ಲಾ ಹೇಳುತ್ತಿದ್ದಳು. ವರ್ಷಗಳು ಕಳೆದಂತೆ ಹೊಸದಾಗಿ ಬಂದ ಸೊಸೆಯರು, ಹೊರಗಿನ ಬೀಗರು, ಇದೂ ಕುರಿ ಕೊಯ್ಯುವ ಶಾಸ್ತ್ರವೇ ಎಂದು ತಿಳಿದರು. ಹುಣಸಗಿಯ ಅಳಿಯನೊಬ್ಬ, ದೇವರ ವಿಷಯ ಕೇಳುತ್ತಿದ್ದಾಳೆಂದು ತಿಳಿದು, "ಎಲ್ಲಾ ಕಡಿ ಅದಾನವ್ವ" ಎಂದು ಭಕ್ತಿಯಿಂದ ಕೈ ಮುಗಿದನಂತೆ. ಯಾರೂ ನಗಲಿಲ್ಲ. ಬಾವಿಕಟ್ಟೆಯಲ್ಲಿ ಅವಳ ಜೋರು ಬಾಯಿ ಕೇಳುವುದೂ ನಿಂತಿತ್ತು. ಅವಳು ಬಂದರೆ ಹೆಂಗಸರು ಸರಿದು ಜಾಗ ಮಾಡುತ್ತಿದ್ದರು. ಆ ಮರ್ಯಾದೆಯಷ್ಟು ಒಬ್ಬಂಟಿ ಮಾಡುವ ವಸ್ತು ಬೇರೊಂದಿಲ್ಲ ಎಂದು ನನಗನ್ನಿಸುತ್ತದೆ. ಊರು ಬರಿದಾಗಿದ್ದಾಗ ಜಗಳವಾಡಲು ಅವಳಿಗೆ ನೆನಪಿನಲ್ಲಾದರೂ ಯಾರೋ ಇದ್ದರು.

ಎಂಟು ವರ್ಷ ನಮ್ಮಪ್ಪ ಅವಳ ಈ ಪ್ರಶ್ನೆಯನ್ನು ಕೇಳಿಸಿಕೊಳ್ಳುತ್ತಾ ಬದುಕಿದ. ನನಗೆ ಅವನ ಮೇಲೆ ಸಿಟ್ಟಿದೆ, ಈಗಲೂ ಇದೆ. ಮೊದಲ ದಿನ ಊರೆಲ್ಲ ನಿಂತಾಗ ಹೆದರಿದ, ಒಪ್ಪಿಕೊಳ್ಳೋಣ. ಎರಡನೆಯ ದಿನ ಹೇಳಬಹುದಿತ್ತು. ಹೇಳದೆ ಬಿಟ್ಟ ಒಂದೊಂದು ದಿನವೂ ಮುಂದಿನ ದಿನ ಹೇಳುವುದನ್ನು ಇನ್ನಷ್ಟು ಕಠಿಣ ಮಾಡಿತು ಎಂದು ಅವ್ವ ಅವನ ಪರ ವಕಾಲತ್ತು ವಹಿಸುತ್ತಿದ್ದಳು. ಹರಟೆಮಲ್ಲ ಬಾಲಪ್ಪ ಮೂಕನಂತಾದ. ಮಾಂಸ ಬಿಟ್ಟ. ನಮ್ಮ ಕುಲದೇವರು ಅಮೋಘಸಿದ್ದನಿಗೆ ಏನೋ ಹರಕೆ ಹೊತ್ತಿದ್ದಾನೆಂದು ಜನ ಅವನನ್ನು ಹಿಂದಿಗಿಂತ ಹೆಚ್ಚು ಗೌರವಿಸಿದರು.

ಐವತ್ತಾರನೆಯ ಇಸವಿ ನವೆಂಬರಿನಲ್ಲಿ ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರಿದೆವು. ಯಾದಗಿರಿಯ ಕಚೇರಿಗಳ ಬೋರ್ಡು ಬದಲಾಯಿತು, ಗೌಡರು ಅಗಸಿಯಲ್ಲಿ ಸಕ್ಕರೆ ಹಂಚಿದರು. ಆಮೇಲೆ ಒಂದು ವಾರಕ್ಕೆ ನನ್ನ ಜವಳ, ಅಂದರೆ ಹುಟ್ಟುಗೂದಲು ತೆಗೆಯುವ ಕಾರ್ಯ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಮಗ, ಎರಡು ವರ್ಷದವನು. ಕೂದಲು ತೆಗೆದ ಮೇಲೆ ಸೋದರಮಾವ ನನ್ನನ್ನು ಅಪ್ಪನ ತೊಡೆಯ ಮೇಲೆ ಕೂಡಿಸಿದ. ಟಗರು ತಂದು ನಿಲ್ಲಿಸಿದರು. ಮದೀನಾಬೀ ಕತ್ತಿ ಹಿಡಿದು, ಎಂದಿನಂತೆ ತಲೆ ಎತ್ತಿ ಕೇಳಿದಳು.

"ಎಲ್ಲಿ ಅದಾನ?"

"ನಮ್ಮ ಹೊಲದಾಗ ಅದಾನ, ಚಾಚಿ," ಎಂದ ನಮ್ಮಪ್ಪ.

ಅವಳು ಕತ್ತಿಯನ್ನು ನಿಧಾನವಾಗಿ ಕಲ್ಲಿನ ಮೇಲಿಟ್ಟಳು. "ಯಾ ಹೊಲ?"

"ಬನ್ನಿ ಗಿಡದ ಹೊಲ."

ಟಗರನ್ನು ಅಲ್ಲೇ ಬಿಟ್ಟು ಅವಳು ನಡೆದಳು. ಹಿಂದೆ ನಮ್ಮಪ್ಪ, ಅವನ ಹಿಂದೆ ನನ್ನನ್ನು ಎತ್ತಿಕೊಂಡ ಅವ್ವ. ಬೇರೆ ಯಾರೂ ಬರಲಿಲ್ಲ. ಹೊಲದಲ್ಲಿ ಜೋಳ ಮೊಣಕಾಲುದ್ದ ಬೆಳೆದಿತ್ತು. ಬನ್ನಿ ಗಿಡದ ಸುತ್ತ ಒಂದಿಷ್ಟು ನೆಲ ಮಾತ್ರ ಬಿತ್ತದೆ ಖಾಲಿ ಬಿಟ್ಟಿತ್ತು. ಅಲ್ಲಿ ನಿಂತು ನಮ್ಮಪ್ಪ ಎಲ್ಲವನ್ನೂ ಹೇಳಿದ. ಬಿಡಾರದಲ್ಲಿ ತಾನು ಕೊಚ್ಚಿಕೊಂಡದ್ದು, ಬದುವಿನಲ್ಲಿ ಕಂಡದ್ದು, ಅಗಸಿಯವರೆಗೆ ಬಂದು ತಿರುಗಿ ಹೋದದ್ದು, ಯಾವುದನ್ನೂ ಬಿಡಲಿಲ್ಲ. ಈಗ ಶಾಪ ಬೀಳುತ್ತದೆಂದು ಅವ್ವ ನನ್ನ ತಲೆಯ ಮೇಲೆ ಸೆರಗು ಮುಚ್ಚಿದಳಂತೆ.

ಮದೀನಾಬೀ ಕೇಳಿದ್ದು ಬೇರೆ. "ತಲಿ ಯಾ ಕಡಿ ಇಟ್ಟಿ, ತಮ್ಮಾ?"

ಅವರಲ್ಲಿ ಹೆಣವನ್ನು ಉದ್ದಕ್ಕೆ ಮಲಗಿಸಿ, ತಲೆ ಉತ್ತರಕ್ಕೆ ಇಟ್ಟು, ಮುಖವನ್ನು ಪಡುವಣಕ್ಕೆ ತಿರುಗಿಸಬೇಕು. ಅದು ನಮ್ಮಪ್ಪನಿಗೆ ಅವತ್ತು ಗೊತ್ತಿರಲಿಲ್ಲ. ಗೊತ್ತಾದದ್ದು ಆಮೇಲೆ, ಅದಕ್ಕೇ ಅವನ ಬಾಯಿ ಇನ್ನಷ್ಟು ಕಟ್ಟಿಹೋಗಿತ್ತು. ನಮ್ಮ ಮನೆತನದಲ್ಲಿ ಸತ್ತವರನ್ನು ಕೂಡಿಸಿ ಹೂಳುತ್ತೇವೆ.

"ಚಾಚಿ, ನಾ ಮಲಗಿಸಿಲ್ಲ," ಎಂದ ಅವನು. "ನಮ್ಮಪ್ಪಗ ಮಾಡಿದಂಗ ಮಾಡೀನಿ. ಚಕ್ಕಂಬಕ್ಕಳ ಹಾಕಿಸಿ ಕುಂದ್ರಿಸೀನಿ. ಹಣಿಗೆ ಭಂಡಾರ ಹಚ್ಚೀನಿ. ನನಗ ಅಷ್ಟ ಗೊತ್ತಿತ್ತು."

ಅವಳು ಆ ಖಾಲಿ ನೆಲದ ಪಕ್ಕದಲ್ಲಿ ಕೈಯೂರಿ ಕೂತಳು. ಎರಡೂ ಅಂಗೈ ಚಾಚಿ ತನಗೆ ಬಂದಷ್ಟು ಓದಿದಳು. ಓದಿ ಮುಗಿಸಿ ಕೈಯಿಂದ ಮುಖ ಒರೆಸಿಕೊಂಡಳು. ಹುಡುಗ ಹಸಿದಿರುತ್ತಾನೆ, ಮನೆಗೆ ಕರೆದುಕೊಂಡು ಹೋಗಿ ಎಂದು ನಮ್ಮವ್ವನಿಗೆ ಹೇಳಿದಳು. ಅವರು ಹೊರಡಲು ತಿರುಗಿದಾಗ ಹಿಂದಿನಿಂದ ಅವಳ ಮಾತು ಕೇಳಿಸಿತು. ಅದು ಅವರಿಗೆ ಹೇಳಿದ್ದೋ ಮಣ್ಣಿಗೆ ಹೇಳಿದ್ದೋ, ಅವ್ವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

"ಎಂಟು ವರ್ಸ ಕುಂತೇ ಅದಾನಲ್ಲೋ. ಕಾಲು ಎಷ್ಟ ನೊಂದಿರಬೇಕು."